ಕೊನೆಯ ಹೆಸರು ಕಡ್ಡಾಯ

ಕಂಪನಿಯ ಪಟ್ಟಿಯಲ್ಲಿ ನಾನು ಸುಲಲಿತ ಸುಲಲಿತ.
ಸೇರಿದ ದಿನ ಫಾರಮ್ಮಿಗೆ ಕೊನೆಯ ಹೆಸರು ಬೇಕೇ ಬೇಕಿತ್ತು.
ಇನಿಶಿಯಲ್ಲು ಹಾಕಿದೆ, ತೀರಾ ಚಿಕ್ಕದು ಅಂದಿತು.
ಚುಕ್ಕಿ ಇಟ್ಟೆ, ಚುಕ್ಕಿ ಹೆಸರಲ್ಲ ಅಂದಿತು.
ಟಿ ಅಂದರೆ ತ್ಯಾಮಗೊಂಡ್ಲು, ಎನ್ ಅಂದರೆ ನಂಜಪ್ಪ,
ಊರೂ ಅಪ್ಪನೂ ಎರಡಕ್ಷರದಲ್ಲಿ ಒತ್ತರಿಸಿಕೊಂಡು ಇದ್ದವರು.
ಅವರನ್ನು ಗೇಟಿನ ಹೊರಗೆ ನಿಲ್ಲಿಸಿ
ನನ್ನ ಬೆನ್ನಿಗೆ ನನ್ನನ್ನೇ ಕಟ್ಟಿಕೊಂಡು ಒಳಗೆ ಹೋದೆ.
ಹದಿನೇಳು ವರ್ಷವಾಯಿತು.
ಯಾರೋ, ಆರು ಗಂಟೆಯ ಕ್ಯಾಬು ತಪ್ಪೀತೆಂದು
ಆ ಒಂದು ಸಾಲು ಅವಸರದಲ್ಲಿ ಬರೆದಿರಬೇಕು.
ಬೈಯಲಾರೆ. ಅಂಥ ಸಾಲು ನಾನೂ ಬರೆದಿದ್ದೇನೆ.

ಹಾಗಾಗಿ ನನ್ನ ಅಭಿಪ್ರಾಯಗಳೆಲ್ಲ ಸಣ್ಣವು.
ಫ್ರಿಜ್ಜು ಮಾತಾಡಬಾರದು.
ಲಿಫ್ಟಿನಲ್ಲಿ ಜಾಹೀರಾತಿನ ಪರದೆ ಬೇಡ, ಕನ್ನಡಿ ಸಾಕು.
ದರ್ಶಿನಿಯಲ್ಲಿ ಫೋನು ತೋರಿಸಿ ಮೆನು ಓದಿಕೊಳ್ಳಿ ಅಂದರೆ
ಬಂದ ದಾರಿ ಹಿಡಿಯುತ್ತೇನೆ;
ಖಾಲಿ ದೋಸೆ ಖಾಲಿಯಾಗಿದೆಯೋ ಇಲ್ಲವೋ
ಕ್ಯಾಶಿನವನ ಹುಬ್ಬಿನಲ್ಲೇ ಗೊತ್ತಾಗಬೇಕು.
ದುಡ್ಡು ಬಂತೆಂದು ಕೂಗುವ ಪೆಟ್ಟಿಗೆ ಮಾತ್ರ ಇಷ್ಟ.
ಸೊಪ್ಪಿನ ಪುಟ್ಟನರಸಮ್ಮ ದಂಟಿನ ಕಟ್ಟು ಬಿಚ್ಚುತ್ತಲೇ
ಆ ಹೆಣ್ಣುದನಿಗೆ ಪ್ರತಿಸಲ
"ಹ್ಞೂಂ ಕಣವ್ವ" ಅನ್ನುತ್ತಾರೆ.

ಒಂದು ಸಲ ನಮ್ಮ ಪರದೆಯಲ್ಲಿ ಅಮ್ಮ
ಅಮ್‌ಮ ಆಗಿ ಬಂದಳು,
ಒತ್ತು ಕಳಚಿ, ಪಕ್ಕದಲ್ಲಿ ಪೆಚ್ಚಾಗಿ ನಿಂತು.
ರಾತ್ರಿ ಎರಡರವರೆಗೆ ಕೂತು ಅವಳ ಕೆಳಗೆ ಅವಳನ್ನು ಕೂರಿಸಿದೆ.
ಟಿಕೆಟ್ಟಿನ ಮೇಲೆ ಬರೆದಿತ್ತು: ಆದ್ಯತೆ, ಕಡಿಮೆ.

ಇನ್ನು ಚಿಕ್ಕಮುನಿಯಪ್ಪ.
ಹನುಮಂತನಗರದ ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ.
ಬೆಳಗಿನ ಜಾವ ನಾಲ್ಕೂವರೆಗೆ, ಹಳೇ ಮೊಪೆಡ್ಡಿನ ಮೇಲೆ
ಎದೆಯೆತ್ತರದ ಕಬ್ಬಿಣದ ಕೀ ಅಡ್ಡ ಇಟ್ಟುಕೊಂಡು ಬರುತ್ತಾರೆ.
ರಸ್ತೆಯ ಸಣ್ಣ ಮುಚ್ಚಳ ಎತ್ತಿ, ಕೀ ಇಳಿಸಿ,
ನಮಗೆ ಮೂರೂವರೆ ಸುತ್ತು,
ಕೆಳಗಿನ ಅಡ್ಡರಸ್ತೆಗೆ ಎರಡೇ, ಅದು ಇಳಿಜಾರು.
ಇದು ಎಲ್ಲೂ ಬರೆದಿಲ್ಲ.

ಬರೆದುಕೊಡುತ್ತೇನೆ ಅಂದೆ ಹೋದ ವರ್ಷ,
ಫೋನಿನಲ್ಲೇ ಬರೋ ಹಾಗೆ, ಪುಕ್ಕಟೆ.
ಅವರು ಕೀ ಗೋಡೆಗೆ ಒರಗಿಸಿ ಯೋಚಿಸಿದರು.
"ಮೂಲೆ ಮನೇಲಿ ಬಾಣಂತಿ ಅವ್ಳೆ,
ಅವರಿಗೆ ಹತ್ತು ನಿಮಿಷ ಜಾಸ್ತಿ ಬಿಡ್ತಿವ್ನಿ. ಅದನ್ನ ಎಲ್ಲಿ ಹಾಕ್ತೀರಮ್ಮ?"
ಷರಾ ಅಂತ ಒಂದು ಕಾಲಮ್ಮು ಇಡ್ತೀನಿ ಅಂದೆ.
"ಯಾರು ಓದ್ತಾರೆ ಅದನ್ನ?"
ಹದಿನೇಳು ವರ್ಷದಲ್ಲಿ
ಷರಾ ಓದಿದವರನ್ನು ನಾನೂ ಕಂಡಿಲ್ಲ.

ಹಾಗಂತ ಹಾಡಿ ಹೊಗಳುತ್ತಿಲ್ಲ.
ಅವರಿಗೆ ಡೆಂಗಿ ಬಂದ ವಾರ
ಬದಲಿ ಬಂದ ಹುಡುಗನಿಗೆ ಯಾವ ಸುತ್ತೂ ಗೊತ್ತಿರಲಿಲ್ಲ;
ಇಡೀ ಬೀದಿಗೆ ಟ್ಯಾಂಕರು, ಟ್ಯಾಂಕರಿನವನು ಹೇಳಿದ್ದೇ ರೇಟು,
ಬಾಣಂತಿಯ ಮನೆಯಲ್ಲೂ ಬಕೆಟ್ಟಿನ ಸಾಲು.
ಅದೂ ನನ್ನ ಅಭಿಪ್ರಾಯದಲ್ಲಿ ಸೇರಲಿ,
ಷರಾ ಕಾಲಮ್ಮಿನಲ್ಲಾದರೂ.

ಈ ಬೆಳಿಗ್ಗೆ, ಹೊಸ ಹುಡುಗಿ ಫಿಲೋಮಿನಾ ಕಳಿಸಿದ ಫಾರಮ್ಮು
ಪರಿಶೀಲನೆಗೆ ನನ್ನ ಮುಂದೆ.
ಅಚ್ಚುಕಟ್ಟಾಗಿ ಬರೆದಿದ್ದಾಳೆ. ನಲವತ್ತೆರಡನೇ ಸಾಲಿನಲ್ಲಿ
ಕೊನೆಯ ಹೆಸರು: ಕಡ್ಡಾಯ.
ಯಾಕೆ ಅಂತ ಕೇಳಿದೆ.
"ಹಳೇದರಲ್ಲಿ ಹಾಗೇ ಇತ್ತು, ಮೇಡಮ್."
ಒಂದು ಪದ ಅಳಿಸಿದೆವು, ಇಬ್ಬರೂ ಸೇರಿ.
ಪರೀಕ್ಷೆಗೆ ಚಿಕ್ಕಮುನಿಯಪ್ಪ ಅಂತ ಕೊಟ್ಟೆ, ಮುಂದೆ ಏನೂ ಇಲ್ಲದೆ.
ಹೋಯಿತು.

ನನ್ನದು ಮಾತ್ರ ಹಾಗೇ ಇದೆ.
ಪಟ್ಟಿಯಲ್ಲಿ ಹೆಸರು ತಿದ್ದಲು ಮೂವರ ಒಪ್ಪಿಗೆ ಬೇಕಂತೆ,
ಒಬ್ಬರು ರಜೆಯಲ್ಲಿದ್ದಾರೆ.
ಕೆಳಗೆ ಸಂಪಿಗೆ ನೀರು ಬೀಳುತ್ತಿದೆ,
ಇವತ್ತು ಸ್ವಲ್ಪ ತೆಳ್ಳಗೆ.
ಮೋಟರು ಹಾಕಬೇಕು.